ಸಕ್ಕರೆ ಹಾಕದ ಟೀ

ಮನೋವೈದ್ಯರು ಬರೆದುಕೊಟ್ಟ ಚೀಟಿಯನ್ನು ಪರ್ಸಿನಲ್ಲಿ ಮಡಚಿಟ್ಟುಕೊಂಡು ಯಶೋದಾ ತರೀಕೆರೆ ಬಸ್ ನಿಲ್ದಾಣದ ಟೀ ಅಂಗಡಿಯಲ್ಲಿ ಕೂತಿದ್ದಳು. ಬೀರೂರಿನ ಬಸ್ಸು ಎಷ್ಟೊತ್ತಿಗೆಂದು ಕೇಳಲು ಭಾವ ಹೋಗಿದ್ದರು. ಅದೇ ಬೆಂಚಿಗೆ ಒಬ್ಬ ಅತ್ತೆ, ಸೊಸೆ ಬಂದು ಕೂತರು.

"ಎರಡು ಟೀ ಕೊಡಪ್ಪಾ. ಒಂದಕ್ಕೆ ಸಕ್ಕರೆ ಬೇಡ, ನಮ್ಮ ಸೊಸೆಗೆ ಶುಗರ್ ಐತೆ," ಎಂದಳು ಅತ್ತೆ, ಅಂಗಡಿಗೆಲ್ಲ ಕೇಳುವಂತೆ.

ಸೊಸೆ ದನಿ ತಗ್ಗಿಸಿದಳು. "ಇಲ್ಲಿ ನಮ್ಮೂರೋರು ಯಾರವ್ರೆ ಅತ್ತೆ? ಇಲ್ಲೂ ಸುಳ್ಳು ಯಾಕೆ?"

"ಯಾರ ಕಿವಿ ಎಲ್ಲಿರ್ತದೋ, ಯಾರಿಗ್ಗೊತ್ತು?"

"ನನ್ನ ತಂಗಿ ಮದ್ವೇಲೂ ಎಲೆ ಮೇಲಿನ ಹೋಳಿಗೆ ಎತ್ತಿಸ್ಬಿಟ್ರಿ."

"ಮತ್ತೆ? ಮನಸ್ಸಿನ ಕಾಯ್ಲೆಗೆ ಮಾತ್ರೆ ನುಂಗ್ತಾಳೆ ಅಂತ ಸಾರ್ಲಾ? ನನ್ನ ಮಗಳಿಗಿನ್ನೂ ಗಂಡು ನೋಡ್ಬೇಕು ಕಣೇ."

"ಮನೇಲಿ ಬಾಯ್ಬಿಟ್ಟು ಮಾತಾಡಿ ಅಂದ್ರಲ್ಲ ಡಾಕ್ಟ್ರು."

"ಗಂಡು ಅವರು ಹುಡುಕ್ಕೊಡ್ತಾರಾ? ಏಳು, ಬಸ್ ಬಂತು."

ಸೊಸೆ ಲೋಟ ಮುಟ್ಟದೆ ಎದ್ದಳು. ಅಜ್ಜಂಪುರದ ಬಸ್ಸು ಇಬ್ಬರನ್ನೂ ಹತ್ತಿಸಿಕೊಂಡು ಹೋಯಿತು.

ಭಾವ ವಾಪಸ್ ಬಂದರು. "ನಾನು ಆಸ್ಪತ್ರೆ ಗೇಟಲ್ಲೇ ನಿಂತಿದ್ದೆ, ಕೇಳೋದೇ ಮರೆತೆ ಕಣಮ್ಮ. ನಿದ್ದೆ ಯಾಕೆ ಬರಲ್ಲ ಅಂದ್ರು ಡಾಕ್ಟ್ರು?"

"ಶುಗರ್ ಅಂತೆ ಭಾವ," ಎಂದ ಯಶೋದಾ, ಅರ್ಧ ಕುಡಿದಿದ್ದ ಸಿಹಿ ಟೀಯನ್ನು ಕೆಳಗಿಟ್ಟಳು.