ಬೀಗ ಹಾಕಿದ ಲಾರಿಯ ಸ್ಟೇರಿಂಗು

ಇನ್ನೂ ಸ್ವಲ್ಪ ಹತ್ತಿರ ಬನ್ನಿ. ಜೋರಾಗಿ ಹೇಳೋ ವಿಷಯ ಅಲ್ಲ ಇದು.

ನಮ್ಮ ದೊಡ್ಡಮ್ಮನ ಮಗ ಇದ್ದಾನಲ್ಲ, ಲಾರಿ ಮೆಕ್ಯಾನಿಕ್ಕು... ಅವನಿಗೂ ಅವನ ಹೆಂಡತಿಗೂ ಆಗಿದ್ದು. ಅಣ್ಣನ ಬಾಯಿಂದ ಕೇಳಿದೀನಿ. ಅತ್ತಿಗೆ ಬಾಯಿಂದ ಬೇರೆಯಾಗಿ ಕೇಳಿದೀನಿ. ಒಂದು ಮಾತೂ ಹೆಚ್ಚುಕಮ್ಮಿ ಇಲ್ಲ.

ಗ್ಯಾರೇಜಿಂದ ಅವರ ಮನೆಗೆ ಹೋಗೋ ದಾರೀಲಿ ಒಂದು ಹಾಳುಬಾವಿ ಇದೆ. ಅವತ್ತು ಕೆಲಸ ಮುಗಿಯೋ ಹೊತ್ತಿಗೆ ನಾಯಿಗಳೂ ಮಲಗಿದ್ವು. ಇಬ್ಬರೂ ನಡ್ಕೊಂಡು ಬಾವಿ ಹತ್ರ ಬಂದ್ರು. ಅತ್ತಿಗೆ ಗಕ್ಕನೆ ನಿಂತ್ಕೊಂಡ್ರು.

"ಕೇಳಿಸ್ತಾ?"

"ಏನು?"

"ಶ್..."

ಟಕ್... ಟಕ್.

ಸ್ವಲ್ಪ ಬಿಟ್ಟು ಮತ್ತೆ... ಟಕ್... ಟಕ್.

ಬಾವಿಯಿಂದಲ್ಲ. ಹಿಂದಿನಿಂದ. ಗ್ಯಾರೇಜ್ ಕಡೆಯಿಂದ. ಅಣ್ಣನಿಗೆ ಆ ಸದ್ದು ಗೊತ್ತು. ಸಡಿಲವಾದ ಸ್ಟೇರಿಂಗನ್ನ ಎಡಕ್ಕೆ ಬಲಕ್ಕೆ ಅಲ್ಲಾಡಿಸಿದ್ರೆ ಬರೋ ಸದ್ದು. ಸಂಜೆಯೆಲ್ಲ ಅದನ್ನೇ ಕೇಳಿದ್ದ.

ಆ ಲಾರಿ ವಿಷಯ ಹೇಳಿಬಿಡ್ತೀನಿ. ಹಳೇ ಲಾರಿ. ಓಡಿಸ್ತಿದ್ದವನು ಅದರಲ್ಲೇ ಹೋಗಿಬಿಟ್ಟಿದ್ದ. ತಿರುವಿನಲ್ಲಿ ಗಾಡಿ ರಸ್ತೆ ಬಿಟ್ಟು ಹಳ್ಳಕ್ಕೆ ಇಳಿದಿತ್ತು. ನಿದ್ದೆ ಹೊಡೆದಿದ್ದ ಅಂತ ಎಲ್ಲರೂ ಅಂದ್ರು. ಜತೆಗೆ ಅವನ ಪಕ್ಕದ ಮನೆಯಾತ ಕೂತಿದ್ದ. ಅವನು ಬದುಕಿದ, ಆದ್ರೆ ಒಂದು ಕಾಲು ಹೋಯ್ತು. ಆಗ ಅವನು ಕಣ್ಣು ಮುಚ್ಚಿ ಒರಗಿದ್ದನಂತೆ, ಏನೂ ನೋಡಿರಲಿಲ್ಲ. ಅವತ್ತಿಂದ ಆ ಎರಡು ಮನೆಗೆ ಮಾತಿಲ್ಲ ಕತೆಯಿಲ್ಲ. ಆ ಅವಮಾನಕ್ಕೆ ಸತ್ತವನ ಹೆಸರನ್ನ ಅವನ ಹೆತ್ತವ್ವನೂ ಬಾಯಿಗೆ ತರ್ತಿರಲಿಲ್ಲ.

ಬೇರೆ ಯಾವುದೋ ಗ್ಯಾರೇಜಲ್ಲಿ ಲಾರಿ ಮೂತಿ ನೆಟ್ಟಗೆ ಮಾಡಿಸಿ, ಬಣ್ಣ ಬಳಿಸಿ, ಅವನ ತಂಗಿ ತಾನೇ ಓಡಿಸೋಕೆ ಕೂತಳು. ಗಟ್ಟಿಗಿತ್ತಿ. ಆ ದಿನ ಅಣ್ಣನ ಹತ್ರ ಬಂದಿದ್ದವಳೂ ಅವಳೇ.

"ಮೇಸ್ತ್ರಿ, ಸ್ಟೇರಿಂಗು ಕಾಲು ಸುತ್ತು ತಿರುಗಿಸಿದ ಮೇಲೆ ಚಕ್ರಕ್ಕೆ ಬುದ್ಧಿ ಬರುತ್ತೆ. ನಾನೊಂದು ದಾರಿ ಅಂದ್ರೆ ಅದೊಂದು ದಾರಿ. ನಾಳೆ ಇಟ್ಟಿಗೆ ಹೇರ್ಕೊಂಡು ಬೆಟ್ಟ ಇಳೀಬೇಕು."

ಸ್ಟೇರಿಂಗಿನ ಸಡಿಲ ಹುಡುಕೋಕೆ ಇಬ್ಬರು ಬೇಕು. ಒಬ್ಬರು ಮೇಲೆ ಕೂತು ಅಲ್ಲಾಡಿಸ್ತಾ ಇರಬೇಕು, ಇನ್ನೊಬ್ಬರು ಕೆಳಗೆ ಮಲಗಿ ಯಾವ ಕೀಲು ಆಡ್ತಿದೆ ಅಂತ ನೋಡಬೇಕು. ಅಣ್ಣನಿಗೆ ಯಾವಾಗಲೂ ಅತ್ತಿಗೇನೇ ಜೊತೆ. "ಊರ ಗಾಡಿಗಳ ಸ್ಟೇರಿಂಗೆಲ್ಲ ನನ್ನ ಕೈಗೆ ಕೊಟ್ರು, ಮನೇದು ಮಾತ್ರ ಕೊಡಲಿಲ್ಲ" ಅಂತ ಅತ್ತಿಗೆ ಆಗಾಗ ಕುಟುಕ್ತಿದ್ರು. ಅವತ್ತು ಮುಂದಿನ ಚಕ್ರದ ಹತ್ರ ಒಂದು ಕೀಲು, ಬಾಲ್ ಜಾಯಿಂಟು ಅಂತಾರೆ, ಸವೆದು ಗಿಲಕಿ ಆಗಿತ್ತು. ಅಣ್ಣ ಅದನ್ನ ಬಿಚ್ಚಿ ಹೊಸದು ಹಾಕಿದ. ಸ್ಟೇರಿಂಗು ಮುಕ್ಕಾಲು ಪಾಲು ಬಿಗಿ ಆಯ್ತು.

"ಇನ್ನೂ ಒಂಚೂರು ಇದೆ ಕಣ್ರೀ" ಅಂದ್ರು ಅತ್ತಿಗೆ, ಮೇಲಿಂದ.

"ಹಳೇ ಗಾಡಿ. ಅಷ್ಟು ಇದ್ದೇ ಇರುತ್ತೆ."

ಹಾಗಂದು, ಲಾರಿ ಬಾಗಿಲು ಲಾಕ್ ಮಾಡಿ, ಗೇಟಿಗೂ ಬೀಗ ಹಾಕಿ, ಕೀ ಜೇಬಿಗಿಟ್ಕೊಂಡು ಹೊರಟಿದ್ರು.

ಈಗ ಬಾವಿ ಹತ್ರ ನಿಂತು ಕೇಳಿದ್ರೆ... ಟಕ್... ಟಕ್.

"ಬೇಡ, ನಡೀರಿ ಮನೆಗೆ."

"ಕಳ್ಳ ಇರಬಹುದು."

"ಕಳ್ಳ ಸ್ಟೇರಿಂಗ್ ಯಾಕೆ ಅಲ್ಲಾಡಿಸ್ತಾನೆ?"

ಅಣ್ಣ ವಾಪಸ್ ನಡೆದ. ಅತ್ತಿಗೆ ಅವನ ಅಂಗಿ ಹಿಡ್ಕೊಂಡು ಹಿಂದೆ.

ಗೇಟಿನ ಬೀಗ ಹಾಕಿದ ಹಾಗೇ ಇತ್ತು. ತೆಗೆದು ಒಳಗೆ ಹೋದ್ರು. ಟಾರ್ಚ್ ಬೆಳಕು ಲಾರಿ ಮೇಲೆ ಬಿತ್ತು. ಮುಂದಿನ ಚಕ್ರಗಳು... ಒಂಚೂರು ಎಡಕ್ಕೆ. ಒಂಚೂರು ಬಲಕ್ಕೆ. ಟಕ್... ಟಕ್. ಅಣ್ಣ ಬಾಗಿಲಿನ ಹಿಡಿ ಎಳೆದು ನೋಡಿದ. ಲಾಕು. ಅತ್ತಿಗೆ ಗಾಜಿಗೆ ಬೆಳಕು ಹಿಡಿದ್ರು. ಸೀಟು ಖಾಲಿ. ಸ್ಟೇರಿಂಗು ಮಾತ್ರ ಎಡಕ್ಕೆ ಬಲಕ್ಕೆ ಹೋಗ್ತಿದೆ, ಯಾವ ಅವಸರವೂ ಇಲ್ಲದೆ.

ಓಡಿಬಿಡೋಣ ಅಂತ ಅಣ್ಣನ ಕಾಲು ಹೇಳ್ತಿತ್ತು. ಆದರೆ ಸದ್ದು... ಅದು ಬಾಲ್ ಜಾಯಿಂಟಿನ ಸದ್ದಲ್ಲ. ಚಕ್ರದ ಹತ್ರದ್ದೇ ಅಲ್ಲ. ಇನ್ನೂ ಮೇಲಿಂದ ಬರ್ತಿದೆ. ಭಾರವಾಗಿ. ಈ ಸದ್ದು ಬಿಟ್ಟು ಬೆಳಗ್ಗೆ ಆ ಹುಡುಗೀನ ಬೆಟ್ಟಕ್ಕೆ ಕಳಿಸೋದು ಹೇಗೆ?

"ಟಾರ್ಚು ಕೊಡು" ಅಂದ.

"ರೀ..."

"ನೀನು ಇಲ್ಲೇ ನಿಂತಿರು. ಮಾತಾಡ್ತಾ ಇರು."

ಗೋಣಿಚೀಲ ಹಾಸಿ ಕೆಳಗೆ ಜಾರಿದ. ಬೆನ್ನಿಗೆ ನೆಲ ತಣ್ಣಗೆ ಹತ್ತಿತು. ಅತ್ತಿಗೆ ಪಾದ ಅವನಿಗೆ ಪಕ್ಕದಲ್ಲೇ ಕಾಣಿಸ್ತಿತ್ತು. ಮೇಲೆ ಸದ್ದು ನಿಂತುಬಿಟ್ಟಿತು. ಅಣ್ಣ ಕಾದ. ಏನೂ ಇಲ್ಲ. ಆಮೇಲೆ ಅವನಿಗೇ ಗೊತ್ತಿಲ್ಲದೆ, ಅಭ್ಯಾಸಬಲ ನೋಡಿ, ಬಾಯಿಂದ ಬಂದುಬಿಟ್ಟಿತು.

"ಇನ್ನೊಂದ್ಸಲ."

ಟಕ್... ಟಕ್.

"ನಿಧಾನ."

ಟಕ್......... ಟಕ್.

ಅತ್ತಿಗೆ ಪಾದ ಅಲ್ಲಾಡಲಿಲ್ಲ. "ನಾನು ಇಲ್ಲೇ ಇದ್ದೀನಿ ರೀ" ಅಂದ್ರು ಪಿಸುಮಾತಲ್ಲಿ. "ಮೇಲೆ ಯಾರೂ ಇಲ್ಲ... ಯಾರೂ ಇಲ್ಲ."

ಅಣ್ಣ ಬೆಳಕನ್ನ ಸ್ಟೇರಿಂಗಿನ ಬುಡದಲ್ಲಿರೋ ಸ್ಟೇರಿಂಗ್ ಬಾಕ್ಸಿಗೆ ಹಿಡಿದ. ಬಾಕ್ಸಿನ ಬೋಲ್ಟುಗಳೆಲ್ಲ ಬಿಗಿ. ಆದರೂ ಪ್ರತೀ ಟಕ್ಕಿಗೂ ಬಾಕ್ಸೇ ಕದಲ್ತಿತ್ತು. ಕಬ್ಬಿಣದ ಬ್ರಷ್ ತಗೊಂಡು ಗ್ರೀಸು, ಮಣ್ಣು, ಬಣ್ಣ ಎಲ್ಲ ಕೆರೆದ. ಬಾಕ್ಸ್ ಕೂರೋ ಜಾಗದಲ್ಲಿ ಚಾಸಿಗೇ, ಗಾಡಿಯ ಬೆನ್ನುಮೂಳೆಗೇ ಬಿರುಕು. ಸ್ಟೇರಿಂಗು ತಿರುಗಿದ ಹಾಗೆ ಆ ಬಿರುಕು ಬಾಯಿ ತೆರೀತಿತ್ತು... ಮುಚ್ಕೊಳ್ತಿತ್ತು. ಮೇಲುಗಡೆ ಇದ್ದದ್ದು ಹೊಸ ಬಣ್ಣ. ಅದರಡಿ, ಬಿರುಕಿನೊಳಗೆ, ಪದರ ಪದರ ಹಳೇ ತುಕ್ಕು. ಬಣ್ಣ ಬಳಿದಿದ್ದು ಗಾಡಿ ಹಳ್ಳಕ್ಕೆ ಬಿದ್ದ ಕೂಡಲೇ. ತುಕ್ಕು ಅದಕ್ಕಿಂತ ಎಷ್ಟೋ ಹಳೇದು.

ಅಂದ್ರೆ ಆ ತಿರುವಿನಲ್ಲಿ ಅವನು ಸ್ಟೇರಿಂಗು ತಿರುಗಿಸಿದ್ದ. ಚಕ್ರ ಕೇಳಿರಲಿಲ್ಲ.

"ಸಾಕು" ಅಂದ ಅಣ್ಣ. "ಸಾಕಪ್ಪಾ... ಸಿಕ್ತು."

ಸದ್ದು ನಿಂತಿತು. ಒಂದು ಗಳಿಗೆ ಬಿಟ್ಟು ಮೇಲೆ ಕಿರ್ರ್ ಅಂತು... ಕೂತವರು ಎದ್ದಾಗ ಸೀಟಿನ ಸ್ಪ್ರಿಂಗು ಅನ್ನುತ್ತಲ್ಲ, ಹಾಗೆ. ಬಾಗಿಲು ತೆರೆಯಲಿಲ್ಲ. ಇಬ್ಬರೂ ಬೆಳಗಾಗೋವರೆಗೆ ಗೇಟಿನ ಹೊರಗೆ ಕಟ್ಟೆ ಮೇಲೆ ಕೂತಿದ್ರು.

ಬೆಳಗ್ಗೆ ಸತ್ತವನ ತಂಗಿ ಬಂದಳು. ಅಣ್ಣ ರಾತ್ರಿ ವಿಷಯ ಎತ್ತಲಿಲ್ಲ. ಬಿರುಕು ತೋರಿಸಿದ, ತುಕ್ಕು ತೋರಿಸಿದ. ಅವಳು ಗೋಣಿಚೀಲದ ಮೇಲೆ ಮಲಗಿ ತುಂಬಾ ಹೊತ್ತು ನೋಡಿದಳು.

"ಹಾಗಾದ್ರೆ ನಿದ್ದೆ ಮಾಡಿರಲಿಲ್ವಾ?"

"ಇಲ್ಲಮ್ಮ."

"ಇದನ್ನ ಈಗಲೇ ಮುಚ್ಚಬೇಡಿ ಮೇಸ್ತ್ರಿ. ಇಟ್ಟಿಗೆ ಹಾಳಾಗಿ ಹೋಗಲಿ."

ಹೋಗಿ ಪಕ್ಕದ ಮನೆಯಾತನನ್ನ ಕರ್ಕೊಂಡು ಬಂದಳು. ಹೇಗೆ ಒಪ್ಪಿಸಿದಳೋ ಏನೋ. ಅವನು ಊರುಗೋಲು ಬದಿಗಿಟ್ಟು, ಅಣ್ಣನ ಹೆಗಲು ಹಿಡಿದು ನೆಲಕ್ಕಿಳಿದ. ಬಿರುಕಿಗೆ ಬೆರಳಿಟ್ಟು ನೋಡಿದ. ಎದ್ದು ಕೂತ ಮೇಲೆ ಅಂದಿದ್ದು ಇಷ್ಟೇ. "ನಿಮ್ಮ ಅವ್ವಂಗೆ ನಾನೇ ಹೇಳ್ತೀನಿ. ನಡಿ."

ಆಮೇಲೆ ಅಣ್ಣ ಬಿರುಕಿನ ತುದಿಗೆ ತೂತು ಕೊರೆದು, ಅದು ಮುಂದಕ್ಕೆ ಓಡದ ಹಾಗೆ ಮಾಡಿ, ವೆಲ್ಡಿಂಗ್ ಹಾಕಿ, ಮೇಲೊಂದು ದಪ್ಪ ಪಟ್ಟಿ ಕೂರಿಸಿದ. ಈಗ ಆ ಲಾರಿ ಬೆಟ್ಟ ಹತ್ತುತ್ತೆ, ಇಳಿಯುತ್ತೆ. ಸ್ಟೇರಿಂಗು ಹೇಳಿದ ಮಾತು ಕೇಳುತ್ತೆ.

ಒಂದು ಮಾತು ಬಿಟ್ಟೆ. ಆ ಬೆಳಗ್ಗೆ ಕೀ ಹಾಕಿ ಲಾರಿ ಬಾಗಿಲು ಮೊದಲು ತೆಗೆದಿದ್ದು ತಂಗಿ. ಸತ್ತವನು ಉದ್ದದಾಳು, ಅವಳು ಗಿಡ್ಡ. ಬೆನ್ನ ಹಿಂದೆ ಕಂಬಳಿ ಮಡಿಸಿ ಇಟ್ಕೊಳ್ಳದೆ ಇದ್ರೆ ಅವಳಿಗೆ ಕ್ಲಚ್ಚು ಎಟುಕಲ್ಲ. "ನನ್ನ ಕಂಬಳಿ ಯಾರು ತೆಗೆದದ್ದು?" ಅಂತ ಕೇಳಿದಳು. ಅತ್ತಿಗೆ ಸಂಜೆ ಇಳಿದಾಗ ಅದು ಸೀಟಿಗೆ ಒರಗಿಸಿದ ಹಾಗೇ ಇತ್ತಂತೆ, ಅವರು ಮುಟ್ಟಿರಲಿಲ್ಲ. ಈಗ ಪಕ್ಕದ ಸೀಟಿನ ಮೇಲೆ ಇತ್ತು, ಅಂಚಿಗೆ ಅಂಚು ಕೂಡಿಸಿ ಮಡಿಸಿ.

ನಗೋರು ನಗಲಿ. ನಮ್ಮ ಅತ್ತಿಗೆ ಸುಳ್ಳು ಹೇಳೋ ಹೆಂಗಸಲ್ಲ. ಅವರು ಕಣ್ಣಾರೆ ಕಂಡಿದ್ದು ಇದು.