ಚಾವಿ ತಿರುಗಿಸುವ ಮುನ್ನ

ಒಂದೂರಲ್ಲಿ ಒಬ್ಬ ಸಾಹುಕಾರ ಇದ್ದ. ಯಾವ ಊರು ಅಂತ ಕೇಳಬೇಡಿ. ಹೆಸರು ಹೇಳಿದರೆ ‘ಸದ್ಯ, ನಮ್ಮೂರಲ್ಲ’ ಅಂತ ಕಂಬಕ್ಕೆ ಒರಗಿ ಕಣ್ಣು ಮುಚ್ಚಿಬಿಡುತ್ತೀರಿ, ನಿಮ್ಮನ್ನು ನಾನು ಬಲ್ಲೆ.

ಆತ ಕೆಟ್ಟವನಲ್ಲ. ದಾನಧರ್ಮಕ್ಕೆ ಹಿಂದೆಗೆದವನಲ್ಲ, ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿದವನಲ್ಲ. ಆದರೆ ಒಂದು ಮಾತು ಮಾತ್ರ ಅವನ ಬಾಯಿಂದ ಹುಟ್ಟಿದಾಗಿನಿಂದ ಬಿದ್ದಿರಲಿಲ್ಲ. ಯಾವ ಮಾತು? ‘ತಪ್ಪಾಯಿತು’ ಅನ್ನುವ ಮಾತು. ಹಾಲು ಉಕ್ಕಿದರೆ ಹೆಂಡತಿಯದು ತಪ್ಪು, ದಾರಿ ತಪ್ಪಿದರೆ ದಾರಿ ಹೇಳಿದವನದು ತಪ್ಪು, ತಾನೇ ಎಡವಿ ಬಿದ್ದರೆ ಹೊಸ್ತಿಲದು ತಪ್ಪು. ಯಾಕೆ ನಗುತ್ತೀರಿ? ನಿಮ್ಮ ಮನೆಗೂ ಹೊಸ್ತಿಲು ಇದೆಯಲ್ಲ.

ಇಪ್ಪತ್ತು ವರ್ಷ ಪೆಟ್ರೋಲ್ ಕಾರು ಓಡಿಸಿದವನು ಮೊನ್ನೆ ಮೊನ್ನೆ ಹೊಸ ಡೀಸೆಲ್ ಕಾರು ಕೊಂಡಿದ್ದ. ಒಂದು ಬೆಳಿಗ್ಗೆ ತಂಗಿಯ ಮಗಳ ಮದುವೆಗೆ ಹೊರಟ. ಅವನು ಸೋದರಮಾವ. ಆ ಮನೆತನದ ಪದ್ಧತಿಯಲ್ಲಿ ಹುಡುಗಿಯ ಕೈ ಹಿಡಿದು ಮಂಟಪಕ್ಕೆ ಕರೆತರಬೇಕಾದವನು ಅವನೇ. ಮುಹೂರ್ತ ಹತ್ತಿರ, ಊರು ದೂರ, ಪಕ್ಕದಲ್ಲಿ ಹೆಂಡತಿ, ಕಿವಿಯಲ್ಲಿ ಮೊಬೈಲು. ದಾರಿಯಲ್ಲೊಂದು ಪೆಟ್ರೋಲ್ ಬಂಕಿಗೆ ಗಾಡಿ ಹೊರಳಿಸಿದ.

ಅಲ್ಲಿ ಕೆಲಸಕ್ಕಿದ್ದ ಹೆಣ್ಣುಮಗಳು ಬಂದು ಕೇಳಿದಳು: “ಡೀಸೆಲ್ಲೇನ್ರಿ, ಪೆಟ್ರೋಲೇನ್ರಿ?”

ಸಾಹುಕಾರ ಮೊಬೈಲಿನಲ್ಲಿ ಅಡಿಗೆಯವನಿಗೆ ಬುದ್ಧಿ ಹೇಳುತ್ತಿದ್ದ. ಇಪ್ಪತ್ತು ವರ್ಷದ ರೂಢಿ ನಾಲಿಗೆಯ ಮೇಲೆ ಕೂತಿತ್ತು. “ಪೆಟ್ರೋಲ್ ಹಾಕವಾ, ಲಗೂನ ಹಾಕು” ಅಂದ.

“ಝೀರೋ ನೋಡ್ರಿ ಯಜಮಾನ್ರ” ಅಂದಳು. ಇವನು ನೋಡಲಿಲ್ಲ.

ಪೆಟ್ರೋಲಿನ ನಳಿಗೆ ಸಣ್ಣದು, ಡೀಸೆಲ್ ಗಾಡಿಯ ಬಾಯಿ ದೊಡ್ಡದು. ಸಲೀಸಾಗಿ ಇಳಿಯಿತು. ನೋಡಿ, ಬರಬಾರದ್ದು ಒಳಗೆ ಬರುವಾಗ ಯಾವತ್ತೂ ಹೀಗೆಯೇ, ಎಲ್ಲಿಯೂ ತಡೆಯುವುದಿಲ್ಲ. ಆರು ಲೀಟರ್ ಹೋಗುವಷ್ಟರಲ್ಲಿ ಆಕೆಯ ಕಣ್ಣಿಗೆ ಮುಚ್ಚಳದ ಮೇಲಿನ ಅಕ್ಷರ ಬಿತ್ತು. ತಟ್ಟನೆ ಕೈ ತೆಗೆದಳು.

“ಯಜಮಾನ್ರ, ಇದು ಡೀಸೆಲ್ ಗಾಡಿ ಐತ್ರಿ. ನೀವು ಪೆಟ್ರೋಲ್ ಅಂದ್ರಿ, ನಾನೂ ಮುಚ್ಚಳ ನೋಡದ ಹಾಕಿಬಿಟ್ಟೆ. ನಂದೂ ತಪ್ಪಾತ್ರಿ. ಆದ್ರ ಚಾವಿ ಮಾತ್ರ ತಿರುಗಿಸಬ್ಯಾಡ್ರಿ. ಹಿಂಗ ದೂಡಿ ಬಾಜೂಕ ನಿಲ್ಲಸೂಣು, ಮೆಕ್ಯಾನಿಕ್ ಬಂದು ಟ್ಯಾಂಕ್ ಖಾಲಿ ಮಾಡ್ತಾನ. ಅರ್ಧ ತಾಸಿನ ಕೆಲಸ.”

ಎಷ್ಟು ಚೆಂದ ಹೇಳಿದಳು ನೋಡಿ! ಬೆಳಕು ಹರಿದಾಗಿನಿಂದ ನಿಂತೇ ಇದ್ದ ಆ ತಾಯಿ ತನ್ನ ಪಾಲಿನ ತಪ್ಪನ್ನು ಒಂದು ಉಸಿರಿಗೆ ಒಪ್ಪಿಕೊಂಡಳು. ಕುಶನ್ ಸೀಟಿನಲ್ಲಿ ಕೂತ ಇವನಿಗೆ ಅದು ಆಗಲಿಲ್ಲ. ಹಿಂದೆ ನಾಲ್ಕು ಗಾಡಿಯವರು ನಿಂತು ನೋಡುತ್ತಿದ್ದಾರೆ, ಅವರೆದುರು ಹೊಸ ಕಾರನ್ನು ದೂಡುವುದೇ?

“ಆರು ಲೀಟರ್ ಅಲ್ಲೇನು? ಮ್ಯಾಲೆ ಡೀಸೆಲ್ ಸುರಿ, ಬೆರೀತೈತಿ” ಅಂದ.

“ಬೆರೀತೈತ್ರಿ. ತಾಪತ್ರಯ ಇರೋದ ಅಲ್ಲೆ” ಅಂದಳು ಆಕೆ.

ಇವನು ಕೇಳಲಿಲ್ಲ. ಡೀಸೆಲ್ ಸುರಿಸಿಕೊಂಡ, ಚಾವಿ ತಿರುಗಿಸಿದ.

ಏನಾಯಿತು? ಏನೂ ಆಗಲಿಲ್ಲ! ಗಾಡಿ ಹೂವಿನಂತೆ ಓಡಿತು. ಕೊಳವೆಯಲ್ಲಿ ಹಳೆಯ ಡೀಸೆಲ್ ಉಳಿದಿತ್ತಲ್ಲ, ಅದರ ಬಲದಲ್ಲಿ ಓಡಿತು. ಸಾಹುಕಾರ ಹೆಂಡತಿಯ ಕಡೆ ತಿರುಗಿ, “ನೋಡಿದ್ಯಾ? ಸುಮ್ಮ ಹೆದರಸ್ತಾರ” ಅಂತ ನಕ್ಕ. ತಪ್ಪು ಮಾಡಿ ಮುಂದೆ ಹೋದವನಿಗೆ ಮೊದಲ ನಾಲ್ಕು ಮೈಲಿ ಬಹಳ ಸುಖವಾಗಿರುತ್ತದೆ. ಅದನ್ನು ಕಂಡರೇ ನನಗೆ ಭಯ.

ಐದನೆಯ ಮೈಲಿಗೆ ಇಂಜಿನ್ನು ಕಟಕಟ ಅಂದಿತು, ಹೊಗೆ ಉಗುಳಿತು, ಬಯಲಲ್ಲಿ ನಿಂತುಬಿಟ್ಟಿತು. ಫೋನು ಮಾಡಿ ಕರೆಸಿದ ಮೆಕ್ಯಾನಿಕ್ ಬಂದು, ಫಿಲ್ಟರ್ ಬಿಚ್ಚಿ ಅಂಗೈ ಮೇಲೆ ಸುರಿದುಕೊಂಡು ತೋರಿಸಿದ. ಎಣ್ಣೆಯಲ್ಲಿ ಬೆಳ್ಳಿಯ ಪುಡಿಯ ಹಾಗೆ ಏನೋ ಮಿನುಗುತ್ತಿತ್ತು.

“ಪಂಪ್ ತೇದ ಪುಡಿ ಇದು. ಡೀಸೆಲ್ ಅಂದ್ರ ಉರಿಯೋದಷ್ಟ ಅಲ್ಲ ಸಾಹುಕಾರ್ರ, ಪಂಪಿಗೆ ಎಣ್ಣಿ ಹಚ್ಚಿದಂಗೂ ಅದ. ಪೆಟ್ರೋಲ್ ಒಣಾ. ಕಬ್ಬಣಕ್ಕ ಕಬ್ಬಣ ತಿಕ್ಕೇತಿ, ಪುಡಿ ಇಂಜಿನ್ ತನಾ ಹೋಗೇತಿ. ಟ್ಯಾಂಕಿನಾಗ ಇದ್ದಾಗ ಏನೂ ಕೆಟ್ಟಿರಲಿಲ್ರಿ. ಚಾಲೂ ಮಾಡಿದ್ದಕ್ಕ ಕೆಟ್ಟೇತಿ.”

ಇಷ್ಟು ಕೇಳಿದ ಮೇಲಾದರೂ ಸಾಹುಕಾರ ಏನು ಮಾಡಬೇಕಿತ್ತು? ಅವನು ಮಾಡಿದ್ದು ಏನು ಗೊತ್ತೇ? ಬಂಕಿನ ಮಾಲೀಕನಿಗೆ ಫೋನು ಹಚ್ಚಿದ. “ನಿನ್ನ ಬಂಕಿನ ಹೆಂಗಸು ನನ್ನ ಡೀಸೆಲ್ ಗಾಡಿಗೆ ಪೆಟ್ರೋಲ್ ಹಾಕ್ಯಾಳ!” ಮಾಲೀಕ ಗಾಬರಿಯಾದ. ಆಕೆಯನ್ನು ಒಂದು ಮಾತೂ ಕೇಳದೆ, ನಾಳೆಯಿಂದ ಬರಬೇಡ ಅಂತ ಮನೆಗೆ ಕಳಿಸಿದ.

ಬಾಡಿಗೆ ಗಾಡಿ ಹಿಡಿದು ಮದುವೆ ಮನೆ ಮುಟ್ಟುವಷ್ಟರಲ್ಲಿ ಅಕ್ಕಿಕಾಳು ಬಿದ್ದು ಮುಹೂರ್ತ ಮುಗಿದಿತ್ತು. ದೂರದ ಸಂಬಂಧದ ಮಾವನೊಬ್ಬ ಹುಡುಗಿಯ ಕೈ ಹಿಡಿದು ಕರೆತಂದಿದ್ದ. ಬಂದವರೆಲ್ಲ “ಯಾಕ ತಡಾ?” ಅಂತ ಕೇಳಿದರು. ಒಬ್ಬೊಬ್ಬರಿಗೂ ಇವನು ಬಂಕಿನ ಹೆಂಗಸಿನ ಕಥೆ ಹೇಳಿದ. ಎರಡನೆಯ ಸಲ ಆಕೆ ಮೊಬೈಲಿನಲ್ಲಿ ಮಾತಾಡುತ್ತಿದ್ದಳು ಅಂದ. ನಾಲ್ಕನೆಯ ಸಲ ಎದುರು ವಾದಿಸಿದಳು ಅಂದ. ಜನ ಲೊಚಗುಟ್ಟಿದರು. ಇಲ್ಲಿಯೂ ಗಾಡಿ ಹೂವಿನಂತೆ ಓಡಿತು.

ಊಟದ ಪಂಕ್ತಿಯಲ್ಲಿ ಏಳನೆಯವನಿಗೆ ಹೇಳತೊಡಗಿದಾಗ ಹೆಂಡತಿ ಎಲೆಯಿಂದ ಕಣ್ಣೆತ್ತದೆ ಮೆಲ್ಲಗೆ ಅಂದಳು: “ಪೆಟ್ರೋಲ್ ಅಂದಾವ್ರು ನೀವು. ನಾ ಬಾಜೂಕ ಕುಂತಿದ್ನೆಲ್ಲ. ಆ ಹೆಣ್ಮಗಳ ಹೊಟ್ಟಿಗೆ ಯಾಕ ಹೊಡೀತೀರಿ?”

ಅವನು ಕೈಯ ತುತ್ತನ್ನು ಎಲೆಯ ಮೇಲೆ ಇಟ್ಟುಬಿಟ್ಟ. ಅಷ್ಟರಮಟ್ಟಿಗೆ ಅವನು ಪುಣ್ಯವಂತ, ಆ ತುತ್ತು ನುಂಗಲಾಗಲಿಲ್ಲವಲ್ಲ! ಎಷ್ಟು ಜನಕ್ಕೆ ಅದೂ ಇಳಿದುಹೋಗುತ್ತದೆ.

ಎದ್ದು ಹೊರಟ. ಬಂಕಿಗೆ ಹೋದ, ಆಕೆ ಇರಲಿಲ್ಲ. ವಿಚಾರಿಸಿಕೊಂಡು ಆಕೆಯ ಮನೆಗೇ ಹೋದ. ಆಕೆ ಹೊರಗೆ ಬಂದು ನಿಂತಳು. ಐವತ್ತೆಂಟು ವರ್ಷದ ನಾಲಿಗೆಗೆ ಆ ಮಾತು ಹೊಸದು, ಎರಡು ಸಲ ತೊದಲಿತು. ಕೊನೆಗೆ ಅಂದ: “ತಪ್ಪಾತವ್ವ. ಪೆಟ್ರೋಲ್ ಅಂದಾಂವ ನಾನು. ನೀ ಬ್ಯಾಡ ಅಂದಿದ್ದಿ, ಕೇಳಲಿಲ್ಲ. ಮ್ಯಾಲೆ ಮದವಿ ಮನ್ಯಾಗ ಮಂದಿ ಮುಂದ ನಿಂದ ತಪ್ಪು ಅಂದೆ. ನಿನ್ನ ಮಾಲಕಗ ಈಗ ಹೇಳಿ ಬಂದೇನಿ, ನಾಳಿಂದ ಕೆಲಸಕ್ಕ ಬಾ ಅಂದಾನ.”

ಆಕೆ ಬೈಯಲಿಲ್ಲ, ಅಳಲೂ ಇಲ್ಲ. “ನೀವು ಬಂದ್ರಲ್ಲ, ದೊಡ್ಡ ಮಾತಾತ್ರಿ” ಅಂದಳು. ಆಮೇಲೆ ಕೇಳಿದಳು: “ಮದವಿ ಮನ್ಯಾಗ ಎಷ್ಟ ಮಂದಿಗೆ ಹೇಳೀರಿ? ಅವರೆಲ್ಲಾರ ಮನಿಗೂ ಹೋಗ್ತೀರೇನ್ರಿ?”

ಆಕೆಗೆ ಕೆಲಸ ಸಿಕ್ಕಿತು, ನಿಜ. ಆದರೆ ಇಂದಿಗೂ ಬಂಕಿಗೆ ಬಂದ ಕೆಲವರು “ನೋಡಿ ಹಾಕವಾ, ಅವತ್ತಿನಂಗ ಮಾಡಬ್ಯಾಡ” ಅಂತ ನಗುತ್ತಾರೆ. ಆಕೆ ಸುಮ್ಮನೆ “ಝೀರೋ ನೋಡ್ರಿ” ಅನ್ನುತ್ತಾಳೆ.

ತಾಯಂದಿರೇ, ಅಪ್ಪಂದಿರೇ, ತಪ್ಪು ಮಾಡಬೇಡಿ ಅಂತ ಹೇಳಲು ನಾನು ಇಲ್ಲಿ ಕೂತಿಲ್ಲ. ಮಾಡುತ್ತೀರಿ. ನಾನೂ ಮಾಡುತ್ತೇನೆ, ನಿನ್ನೆಯೂ ಮಾಡಿದ್ದೇನೆ. ಬಾಯಿ ತಪ್ಪಿ ಪೆಟ್ರೋಲ್ ಅಂದದ್ದು ಪಾಪವೇ? ಅಲ್ಲ. ತಪ್ಪು ಗೊತ್ತಾದ ಮೇಲೂ ನಾಲ್ಕು ಜನ ನೋಡುತ್ತಾರೆ ಅಂತ ಚಾವಿ ತಿರುಗಿಸಿದೆವಲ್ಲ, ಅದು ಪಾಪ. ಸೊಸೆಗೆ ಒಂದು ಮಾತು ಜೋರಾಗಿ ಅಂದಿರಿ, ಅಂದದ್ದು ತಪ್ಪು ಅಂತ ಆ ಕ್ಷಣವೇ ನಿಮಗೆ ಗೊತ್ತಾಗುತ್ತದೆ. ಅಲ್ಲಿಗೇ ನಿಲ್ಲಿ. ಅಲ್ಲಿಯೇ ನಿಂತರೆ ಅರ್ಧ ತಾಸಿನ ಕೆಲಸ. ‘ಅವಳೇ ಹಾಗೆ ಅನ್ನಿಸಿದಳು’ ಅಂತ ಮಗನ ಕಿವಿಗೆ ಹಾಕಿದಿರೋ, ಬೀಗರಿಗೆ ಹೇಳಿದಿರೋ, ಆಮೇಲೆ ಮನೆಯ ಯಂತ್ರವೆಲ್ಲ ಒಳಗೊಳಗೇ ತೇಯುತ್ತದೆ, ಕೈಗೆ ಪುಡಿ ಬರುವ ತನಕ ನಿಮಗೆ ತಿಳಿಯುವುದಿಲ್ಲ.

ಈ ಕಥೆ ಕೇಳುತ್ತಾ ಕೇಳುತ್ತಾ ನಿಮ್ಮಲ್ಲಿ ಒಬ್ಬೊಬ್ಬರಿಗೂ ಒಂದು ಮುಖ ನೆನಪಿಗೆ ಬಂದಿದೆ. ನಿಮ್ಮ ತಪ್ಪನ್ನು ಹೊತ್ತುಕೊಂಡು ತಿರುಗುತ್ತಿರುವವರ ಮುಖ. ಆಳು ಇರಬಹುದು, ತಮ್ಮ ಇರಬಹುದು, ಕಟ್ಟಿಕೊಂಡ ಹೆಂಡತಿಯೇ ಇರಬಹುದು. ನಾಳೆ ಬಿಸಿಲೇರುವ ಮೊದಲು ಅವರ ಹತ್ತಿರ ಹೋಗಿ. ಒಬ್ಬರೇ ಸಿಕ್ಕಾಗ ಮೂಲೆಯಲ್ಲಿ ಪಿಸುಗುಟ್ಟಿ ಬರಬೇಡಿ. ಎಷ್ಟು ಜನರ ಮುಂದೆ ಅವರ ಮೇಲೆ ಹೊರಿಸಿದಿರೋ, ಅಷ್ಟೂ ಜನರ ಮುಂದೆ ‘ಅದು ನನ್ನ ತಪ್ಪು’ ಅನ್ನಿ.