ಒಂದು ತೆಗೆದರೆ ಒಂದು ಇಡಬೇಕು

ಮಂಜಿನ ಆಚೆಗೂ ಕಾಣುವ ಕಣ್ಣುಳ್ಳ ಕರ್ತನೇ, ನಿನಗೆ ಶರಣು. ಹೇಳುವುದರಲ್ಲಿ ಸುಳ್ಳು ಬೆರೆಯದಂತೆ ನನ್ನ ನಾಲಗೆಯನ್ನು ಕಾಯಿ.

ಕಾಫಿ ಬಗ್ಗಿಸಿಕೊಂಡು ಹತ್ತಿರ ಬನ್ನಿ. ಇದು ನಡೆದದ್ದು ನನ್ನ ಚಿಕ್ಕಪ್ಪನ ಮಗಳು ಗುನ್ವೋರಳ ಮನೆಯವರಿಗೆ. ಅವಳೇ ನನ್ನ ಕೈ ಹಿಡಿದುಕೊಂಡು ಹೇಳಿದಳು.

ನಮ್ಮ ಬೆಟ್ಟದ ಹಾದಿಗೆ ಕಲ್ಲುಗುಪ್ಪೆಗಳೇ ಕಣ್ಣು. ಮಂಜು ಕವಿದರೆ ಒಂದು ಗುಪ್ಪೆಯಿಂದ ಇನ್ನೊಂದಕ್ಕೆ ನಡೆಯಬೇಕು. ಹೋಗುವವರೆಲ್ಲ ಒಂದೊಂದು ಕಲ್ಲು ಇಟ್ಟು ಹೋಗುತ್ತಾರೆ, ತೆಗೆಯುವವರು ಯಾರೂ ಇಲ್ಲ. ಹೋದ ವರ್ಷ ಶರತ್ಕಾಲದಲ್ಲಿ, ಕುರಿ ಇಳಿಸಿ ತರಲು ಹೋದ ನಮ್ಮೂರಿನ ಹಾಲ್ವರ್ ಅಲ್ಲಿ ಪ್ರಪಾತಕ್ಕೆ ಬಿದ್ದು ಸತ್ತ. ಕಣ್ಣು ಕಟ್ಟಿ ಬಿಟ್ಟರೂ ಮನೆ ಸೇರುವ ಮನುಷ್ಯ. ತಿರುವಿನ ದೊಡ್ಡ ಗುಪ್ಪೆ ಚೆದುರಿಹೋಗಿತ್ತು. ಬಿರುಗಾಳಿಯ ಕೆಲಸ ಎಂದುಕೊಂಡೆವು.

ಗುನ್ವೋರಳ ಗಂಡ ಆಸ್ಲಾಕ್‌ಗೆ ಜಿಯೋಕ್ಯಾಶ್ ಹುಚ್ಚು. ಒಬ್ಬರು ಡಬ್ಬಿ ಬಚ್ಚಿಡುವುದು, ಉಳಿದವರು ಫೋನಿನ ಬಾಣ ಹಿಡಿದು ಹುಡುಕುವುದು. ಡಬ್ಬಿಯಿಂದ ಒಂದು ತೆಗೆದರೆ ಒಂದು ಇಡಬೇಕು, ಅದು ನೇಮ. ಈ ಸಲದ ರಜೆಯಲ್ಲಿ ಬೆಟ್ಟದ ಮೇಲೆ ಹೊಸ ಡಬ್ಬಿ ಇದೆಯೆಂದು ಫೋನು ತೋರಿಸಿತು. ಮಗಳು ಇಡುನ್ ಕುಣಿದಳು. ಆಸ್ಲಾಕ್ ಮಾತ್ರ ಬೇಡವೆಂದ.

"ಅಪ್ಪನಿಗೆ ಮಂಡಿ ನೋವಂತೆ," ಇಡುನ್ ಅಣಕಿಸಿದಳು. "ಮುದಿ ಆಡಿನ ಥರ."

"ಆಡು ಬೆಟ್ಟನಾದ್ರೂ ಹತ್ತುತ್ತೆ ಕಣೇ," ಅಂದಳು ಗುನ್ವೋರ್. "ನಿಮ್ಮಪ್ಪನಿಗೆ ಸೋಫಾ ಹತ್ತೋದೇ ಕಷ್ಟ."

ಆಸ್ಲಾಕ್ ನಾಚಿಕೆಗೆ ಎದ್ದ. ಹೆಂಡತಿ ಆಗಷ್ಟೇ ಹೆಣೆದು ಮುಗಿಸಿದ್ದ, ಕುಚ್ಚಿರುವ ಕೆಂಪು ಉಣ್ಣೆ ಟೋಪಿ ಹಾಕಿಕೊಂಡ.

ಬರ್ಚ್ ಮರಗಳ ಎಲೆಗಳು ಹಳದಿಯಾಗಿ ಉದುರುತ್ತಿದ್ದವು. ಮರಗಳ ಸಾಲು ದಾಟುತ್ತಲೇ ಮಂಜು. ಆಗ ಹಿಂದಿನಿಂದ... ಟಕ್. ಕಲ್ಲಿನ ಮೇಲೆ ಕಲ್ಲು ಇಟ್ಟ ಸದ್ದು. ಸ್ವಲ್ಪ ತಡೆದು... ಟಕ್.

"ಯಾರೋ ಬರ್ತಿದಾರೆ," ಅಂದಳು ಇಡುನ್.

"ತಿರುಗಿ ನೋಡ್ಬೇಡ," ಆಸ್ಲಾಕ್ ಪಿಸುಗುಟ್ಟಿದ.

ಬಾಣ ನಿಂತದ್ದು ಪ್ರಪಾತದ ಅಂಚಿಗೆ, ಒಂದು ಪುಟ್ಟ ಗುಪ್ಪೆಯ ಬಳಿ. ಅದನ್ನು ಕಂಡು ಆಸ್ಲಾಕ್‌ನ ಮುಖ ಬೆಳ್ಳಗಾಯಿತು. ಇಡುನ್ ಆಗಲೇ ಡಬ್ಬಿ ತೆಗೆದಿದ್ದಳು. ಒಳಗಿದ್ದದ್ದು ಒಂದೇ ಒಂದು, ಕುರಿಯ ಕೊರಳ ಗಂಟೆ. ಹಾಲ್ವರ್‌ನ ಮುಂದಾಳು ಕುರಿಯದು, ಊರಿಗೆಲ್ಲ ಗೊತ್ತಿದ್ದ ಒಡಕು ದನಿ. ಅವಳು ಎತ್ತಿದಳು. ಠಣ್...

"ಇದನ್ನ ತಗೋತೀನಿ. ಬದಲಿಗೆ ಏನಿಡೋಣ ಅಪ್ಪಾ?"

ಮಂಜು ಅವಳನ್ನು ನುಂಗಿತು. ಗುನ್ವೋರ್ ಕೈ ಚಾಚಿದರೆ ಬರೀ ತಣ್ಣನೆ ತೇವ. ಗಂಟೆ ಅಂಚಿನತ್ತ ಹೋಗುತ್ತಿತ್ತು... ಠಣ್... ಠಣ್...

ಆಸ್ಲಾಕ್ ಮಂಡಿಯೂರಿದ.

"ಹಾಲ್ವರ್, ನನ್ನದೇ ಕೆಲಸ ಕಣೋ. ನನ್ನ ಡಬ್ಬಿ ಬಚ್ಚಿಡೋಕೆ ತಿರುವಿನ ಗುಪ್ಪೆ ಕಿತ್ತು ಇಲ್ಲಿ ಕಟ್ಟಿದೆ. ಹುಡುಕೋರು ಒದ್ದಾಡ್ಲಿ ಅಂತ. ನೀನು ಇದನ್ನೇ ದಾರಿ ಅಂದ್ಕೊಂಡು ಬಿದ್ದ ಮೇಲೆ ನಾನೇ ಇದನ್ನೂ ಕೆಡವಿ ಹೋದೆ, ಬಾಯಿ ಬಿಡಲಿಲ್ಲ... ಮಗೂನ ಬಿಡು."

ಇಬ್ಬರ ಕಿವಿಯ ಪಕ್ಕದಲ್ಲೇ, ಸಿಟ್ಟೇ ಇಲ್ಲದ ಹಾಲ್ವರ್‌ನ ದನಿ.

"ಒಂದು ತೆಗೆದ್ರೆ ಒಂದು ಇಡಬೇಕಲ್ಲ, ಆಸ್ಲಾಕ್."

ಅವನು ಎದ್ದ. ಹೆಂಡತಿಯ ಮುಖ ನೋಡಿದ. "ಇಡ್ತೀನಿ," ಅಂದ. ಗಂಟೆಯ ದನಿ ಹಿಡಿದು ನಡೆದುಬಿಟ್ಟ.

ಗಂಟೆ ನಿಂತಿತು. ಇಡುನ್ ತಾಯಿಯ ಪಕ್ಕದಲ್ಲೇ ಇದ್ದಳು, ಎಲ್ಲೂ ಹೋಗದವಳ ಹಾಗೆ, ಬರಿಗೈಯಲ್ಲಿ. ಕೆಳಗಡೆ ಎಲ್ಲೋ... ಟಕ್. ಸದ್ದಿನ ಕಡೆ ಹೋದರೆ ಒಂದು ಗುಪ್ಪೆ. ಮತ್ತೆ ಟಕ್. ಹೀಗೇ ತಾಯಿ ಮಗಳಿಬ್ಬರೂ ಮನೆ ಮುಟ್ಟಿದರು.

ಮಾರನೆಯ ದಿನ ಆಸ್ಲಾಕ್‌ನನ್ನು ಹುಡುಕಲು ಹೋದವರಲ್ಲಿ ನಾನೂ ಇದ್ದೆ. ಪ್ರಪಾತದ ಕೆಳಗೆ ಏನೂ ಇರಲಿಲ್ಲ. ಅಂಚಿನ ಗುಪ್ಪೆಯೂ ಇರಲಿಲ್ಲ. ಹೋದ ವರ್ಷ ಚೆದುರಿಹೋಗಿದ್ದ ತಿರುವಿನ ದೊಡ್ಡ ಗುಪ್ಪೆ ಮಾತ್ರ ಎದೆಯೆತ್ತರಕ್ಕೆ ನಿಂತಿತ್ತು. ಕಲ್ಲಿನಿಂದ ಕಲ್ಲಿಗೆ ಬೂದು ಕಲ್ಲುಹೂವು ಎಲ್ಲೂ ಕಿತ್ತುಹೋಗದೆ ಹಬ್ಬಿತ್ತು, ಅಜ್ಜಂದಿರ ಕಾಲದಿಂದ ಯಾರೂ ಮುಟ್ಟಿಲ್ಲವೆಂಬಂತೆ. ಅಡಿಗಲ್ಲಿನ ಕೆಳಗಿಂದ ಕೆಂಪು ಟೋಪಿಯ ಕುಚ್ಚು ಇಣುಕುತ್ತಿತ್ತು. ಗಂಡಸರೆಲ್ಲ ಸೇರಿ ಮೀಟಿದರೂ ಆ ಕಲ್ಲು ಅಲುಗಲಿಲ್ಲ.

ನಾನು ಹಾಲ್ವರ್, ಆಸ್ಲಾಕ್ ಇಬ್ಬರ ಆತ್ಮಕ್ಕೂ ಪ್ರಾರ್ಥಿಸುತ್ತೇನೆ, ದಿನವೂ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಆ ಕುಚ್ಚನ್ನು ನಾನೇ ಮುಟ್ಟಿದೆ. ನೆಲವೆಲ್ಲ ಹಿಮಗಟ್ಟಿತ್ತು... ಉಣ್ಣೆ ಬೆಚ್ಚಗಿತ್ತು.

ಕೇಳಿದ ನಿಮ್ಮೆಲ್ಲರ ಹಾದಿಯ ಕಲ್ಲುಗಳನ್ನು ಕರ್ತನು ಇದ್ದಲ್ಲೇ ಇರಿಸಲಿ.